ಹತ್ತಿ ಬೆಳೆಯದ ಊರಿನ ಹತ್ತಿ ಪೇಟೆ



ಹತ್ತೊಂಬತ್ತನೆಯ ಶತಮಾನದ ಮುಂಬಯಿ ಮಾರುಕಟ್ಟೆಯಲ್ಲಿ ‘ಕುಮಟಾ’ ಎಂದರೆ ಊರಿಗಿಂತ ಮೊದಲು ಒಂದು ಬಗೆಯ ಹತ್ತಿಯ ಹೆಸರಾಗಿತ್ತು. ಆ ಹೆಸರು ಕಡಲು ದಾಟಿ ಇಂಗ್ಲೆಂಡಿನ ವರ್ತಕರ ಲೆಕ್ಕಪುಸ್ತಕಗಳನ್ನೂ ಸೇರಿತು. ಆದರೆ ಕುಮಟೆಯ ನೆಲದಲ್ಲಿ ಆ ಹತ್ತಿ ಬೆಳೆಯುತ್ತಿರಲಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಜಂಬಿಟ್ಟಿಗೆ ಮಣ್ಣಿನ ಕರಾವಳಿಯಲ್ಲಿ ಅದು ಬೆಳೆಯುವಂಥದೂ ಅಲ್ಲ. ಅದು ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಎರೆಭೂಮಿಯ ಜವಾರಿ ಹತ್ತಿ; ಸಸ್ಯಶಾಸ್ತ್ರದಲ್ಲಿ ಗಾಸಿಪಿಯಂ ಹರ್ಬೇಸಿಯಂ. ಮುಂದೆ ಧಾರವಾಡದಲ್ಲಿ ರೂಪುಗೊಂಡ ಜಯವಂತ, ಜಯಧರ ತಳಿಗಳು ಇದೇ ಜಾತಿಗೆ ಸೇರಿದವು. ಬೆಳೆದ ಊರನ್ನು ಬಿಟ್ಟು ಹಡಗು ಏರಿದ ಊರಿನ ಹೆಸರನ್ನು ಹೊತ್ತ ಈ ಸರಕೇ ಕುಮಟೆಯ ಪೇಟೆಯನ್ನು ದೊಡ್ಡದಾಗಿಸಿತು.

ಭಟ್ಕಳ, ಹೊನ್ನಾವರಗಳ ಕಥೆಯೂ ಬೇರೆಯಲ್ಲ. ಭಟ್ಕಳಕ್ಕೆ ಅರಬ್ಬೀ ಕುದುರೆಗಳು ಬಂದಿಳಿದದ್ದು ಘಟ್ಟದಾಚೆಯ ವಿಜಯನಗರಕ್ಕಾಗಿ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಆ ವ್ಯಾಪಾರವನ್ನು ತಮ್ಮತ್ತ ಸೆಳೆದರು. 1565ರ ಯುದ್ಧದ ಬಳಿಕ ಕುದುರೆ ಕೊಳ್ಳುವ ಸಾಮ್ರಾಜ್ಯವೇ ಕುಸಿಯಿತು. ಹೊನ್ನಾವರಕ್ಕೆ ಗೇರುಸೊಪ್ಪೆಯ ಕಾಳುಮೆಣಸು ಶರಾವತಿಯ ದೋಣಿಗಳಲ್ಲಿ ಇಳಿದು ಬರುತ್ತಿತ್ತು. ರಾಣಿ ಚೆನ್ನಭೈರಾದೇವಿಯ ಹೆಸರು ಇಂದಿಗೂ ಆ ಮೆಣಸಿನ ಜೊತೆಗೇ ನೆನಪಾಗುತ್ತದೆ. ಕುಮಟೆಯ ಸರದಿ ಬಂದದ್ದು ಇವೆರಡರ ಬಹುಕಾಲದ ಅನಂತರ. 1801ರಲ್ಲಿ ಈ ದಾರಿಯಾಗಿ ಸಾಗಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ನೇರವಾದ ಓಣಿಗಳನ್ನೂ ಅವುಗಳ ಇಕ್ಕೆಲದ ಕಲ್ಲಿನ ಪಾಗಾರಗಳನ್ನೂ ತೆಂಗಿನ ತೋಟಗಳನ್ನೂ ಗುರುತಿಸಿದ್ದಾನೆ.

ಹತ್ತಿ ವ್ಯಾಪಾರದ ನಡೆಯನ್ನು ತಿಳಿಯಲು ಬೆಳೆಯ ಪಂಚಾಂಗವನ್ನು ನೋಡಬೇಕು. ಈ ಜವಾರಿ ಹತ್ತಿ ದೀರ್ಘಾವಧಿಯ ಬೆಳೆ. ಆಗಸ್ಟ್-ಸೆಪ್ಟೆಂಬರಿನಲ್ಲಿ ಬಿತ್ತಿದರೆ ಬಿಡಿಸುವುದು ಫೆಬ್ರವರಿಯಿಂದ ಏಪ್ರಿಲಿನವರೆಗೆ. ಕುಮಟೆಯಲ್ಲಿ ಗಾಳಿಗೆ ಮರೆಯಾದ ಬಂದರಿಲ್ಲ. ಹಡಗುಗಳು ತೆರೆದ ಕಡಲಿನಲ್ಲೇ ನಿಲ್ಲುತ್ತಿದ್ದವು, ಸಣ್ಣ ದೋಣಿಗಳಲ್ಲಿ ಸರಕನ್ನು ಸಾಗಿಸಿ ತುಂಬಬೇಕಾಗಿತ್ತು. ಜೂನ್ ಬಂತೆಂದರೆ ಕಡಲು ಮುಚ್ಚಿತು. ಹೀಗಾಗಿ ಬಿಡಿಸಿ, ಅರೆದು, ಮೂಟೆ ಕಟ್ಟಿ, ಶಿರಸಿ ದಾಟಿ, ದೇವಿಮನೆ ಘಟ್ಟವನ್ನಿಳಿಸಿ, ಹಡಗಿಗೇರಿಸಲು ದೊರೆಯುತ್ತಿದ್ದುದು ಕೆಲವೇ ವಾರಗಳು. ಮೊದಲು ಲಂಬಾಣಿಗಳ ಹೇರೆತ್ತುಗಳು, ದಾರಿ ಅಗಲವಾದ ಮೇಲೆ ಸಾಲುಗಾಡಿಗಳು. ಮರಳುವಾಗ ಅವು ಕರಾವಳಿಯ ಉಪ್ಪನ್ನು ಹೊತ್ತು ಘಟ್ಟವೇರುತ್ತಿದ್ದವು. ಎತ್ತುಗಳಿಗೆ ಹುಲ್ಲು, ನೀರು, ನೆರಳು ಬೇಕು. ಅದನ್ನು ಕೊಟ್ಟದ್ದು ಘಟ್ಟದ ಕಾಡು. ಪೇಟೆಯ ಯಾವ ಲೆಕ್ಕದಲ್ಲಿಯೂ ಈ ಬಾಬತ್ತು ಕಾಣುವುದಿಲ್ಲ. ಗಾಡಿ ತಡವಾದರೆ ಮೂಟೆಗಳು ಮಳೆಗಾಲವಿಡೀ ದಾಸ್ತಾನಿನಲ್ಲಿ ಕೊಳೆಯಬೇಕು. ದಾಸ್ತಾನು, ತೂಕ, ಸಾಲ, ದಲಾಲಿ—ಇವೇ ಪೇಟೆಯ ಕಸುಬು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತಿತು. ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಬೆಲೆಯ ಹಿಂದೆಯೇ ಮೋಸವೂ ಬಂತು. ಬೀಜ, ಮಣ್ಣು, ನೀರು ಬೆರೆಸಿ ಮೂಟೆ ತೂಗಿಸುವ ಚಾಳಿಯನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಕಾಯ್ದೆಯನ್ನೇ ತಂದಿತು. ಅದಕ್ಕೂ ಒಂದು ವರ್ಷ ಮೊದಲು, 1862ರಲ್ಲಿ, ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕಾರವಾರದ ಸಹಜ ಬಂದರನ್ನು ಹತ್ತಿಗಾಗಿ ಬೆಳೆಸಬೇಕೆಂಬ ವರ್ತಕರ ಒತ್ತಾಯ ಇದರ ಹಿಂದಿತ್ತು. ಒಂದು ಜಿಲ್ಲೆಯ ಗಡಿಯನ್ನು ದೂರದ ನೂಲಿನ ಗಿರಣಿಗಳು ಬದಲಿಸಿದ್ದನ್ನು ಶಾಲೆಯ ಪಾಠಗಳು ಹೇಳುವುದು ವಿರಳ.

ಯುದ್ಧ 1865ರಲ್ಲಿ ಮುಗಿದು ಬೆಲೆ ಇಳಿದರೂ ಕುಮಟೆ ತಾಳಿಕೊಂಡಿತು. ತಾಳಲಾರದೆ ಹೋದದ್ದು ರೈಲಿಗೆ. 1880ರ ದಶಕದಲ್ಲಿ ಧಾರವಾಡ ಸೀಮೆಗೆ ರೈಲು ಬಂತು. 1888ರಲ್ಲಿ ಕ್ಯಾಸಲ್ ರಾಕ್ ಮಾರ್ಗವಾಗಿ ಗೋವೆಯ ಮುರಗಾವಿಗೆ ದಾರಿ ತೆರೆಯಿತು. ಮಳೆಗಾಲದ ಭಯವಿಲ್ಲ, ಘಟ್ಟದ ತಿರುವಿಲ್ಲ. ಹತ್ತಿ ಅತ್ತ ಹೊರಳಿತು. ವಿಚಿತ್ರವೆಂದರೆ, ಕುಮಟೆಯ ಮುಖವನ್ನೇ ನೋಡದ ಆ ಹತ್ತಿಯನ್ನು ಮಾರುಕಟ್ಟೆ ಮುಂದೆಯೂ ಬಹುಕಾಲ ‘ಕುಮಟಾ’ ಎಂದೇ ಕರೆಯಿತು.

ಪೇಟೆ ಮಾತ್ರ ಪೂರ್ತಿ ಅಳಿಯಲಿಲ್ಲ. ಉಳಿಸಿದ್ದು ಅಡಿಕೆ, ತೆಂಗು, ಸಾಣಿಕಟ್ಟೆಯ ಉಪ್ಪು, ಮೀನು, ಗಂಧದ ಕೆತ್ತನೆ—ಅಂದರೆ ಸುತ್ತಲಿನ ನೆಲ, ಜಲ, ಕಾಡುಗಳೇ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಬಿಡಿ ಹಲಗೆಗಳ ಬಾಗಿಲು, ಮುಂದೊಂದು ಜಗುಲಿ: ಹಳೆಯ ಅಂಗಡಿಯ ಕಟ್ಟಡವೂ ಅದೇ ನೆಲದ್ದು. ಈ ಪೇಟೆಗಳನ್ನು ಹೊಗಳುತ್ತಲೇ ಇರಬೇಕಾಗಿಲ್ಲ. ತೋಟಿಗನನ್ನು ಮುಂಗಡ ಸಾಲದಲ್ಲಿ ಕಟ್ಟಿಹಾಕಿದ ದಲಾಲಿ ಪದ್ಧತಿಯೂ ಇಲ್ಲಿಯದೇ. 1923ರಲ್ಲಿ ಶಿರಸಿಯಲ್ಲಿ ತೋಟಗಾರರು ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದ್ದು ಇಂಥ ಹಿಡಿತದಿಂದ ಬಿಡಿಸಿಕೊಳ್ಳಲು. ಇಂದು ಕುಮಟೆಯ ಕೃಷಿ ಮಾರುಕಟ್ಟೆಯ ದರಪಟ್ಟಿಯಲ್ಲಿ ಚಾಲಿ, ಕೋಕಾ, ಚಿಪ್ಪು ಎಂಬ ಅಡಿಕೆಯ ಹೆಸರುಗಳಿವೆ, ಹತ್ತಿ ಇಲ್ಲ.

ಕೊಂಕಣ ರೈಲು 1998ರಲ್ಲಿ ಪೂರ್ಣಗೊಂಡಾಗ ನಿಲ್ದಾಣ ಪೇಟೆಯಿಂದ ಹೊರಗುಳಿಯಿತು. 2014ರಿಂದ ಹೆದ್ದಾರಿ 66ರ ಚತುಷ್ಪಥ ಕಾಮಗಾರಿ ಮೂರೂ ತಾಲೂಕುಗಳಲ್ಲಿ ಗುಡ್ಡಗಳನ್ನು ಸೀಳುತ್ತ ಬಂತು. ಹೆದ್ದಾರಿ ಊರೊಳಗೆ ಅಗಲವಾಗಬೇಕೇ, ಬಳಸಿ ಹೋಗಬೇಕೇ ಎಂಬ ವಾದವೆದ್ದಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದಾಗ ಮೊದಲು ಕೊಚ್ಚಿಹೋದದ್ದು ರಸ್ತೆಯಂಚಿನ ಒಂದು ಚಹಾದ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ. ಹಿಂದೆ ಹತ್ತಿ ಗಾಡಿಗಳಿಳಿದ ದೇವಿಮನೆ ಘಟ್ಟದ ದಾರಿ ಈಗ ರಾಷ್ಟ್ರೀಯ ಹೆದ್ದಾರಿ 766ಇ. ಬಂದರಿಗೆ ಸರಕು ಬರುತ್ತದೆ, ಊರು ಬೆಳೆಯುತ್ತದೆ ಎಂಬ 1862ರ ಮಾತೇ ಅದರ ಅಗಲೀಕರಣಕ್ಕೂ ಕೇಳಿಬಂತು, ಮರಗಳು ಉರುಳಿದವು. ಸರಕು ಯಾರದು, ಪೇಟೆಯಲ್ಲಿ ಅದು ಒಂದು ರಾತ್ರಿಯಾದರೂ ತಂಗುವುದೇ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಬೇಸಿಗೆಯಲ್ಲಿ ಅಳ್ವೆಕೋಡಿಯ ಹೆದ್ದಾರಿಯಂಚಿಗೆ ಕುಮಟೆಯ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತವೆ. ಇದು ಇಲ್ಲಿಯೇ ಬೆಳೆದು, ಇಲ್ಲಿಯ ಹೆಸರನ್ನೇ ಹೊತ್ತ ಸರಕು. ವಿದ್ಯಾರ್ಥಿಗಳು ರಥಬೀದಿಯಿಂದ ಮಾಸ್ತಿಕಟ್ಟೆಯವರೆಗೆ, ಅಲ್ಲಿಂದ ಗಿಬ್ ಸರ್ಕಲ್‌ವರೆಗೆ ಅಂಗಡಿ ಅಂಗಡಿಗೂ ಹೋಗಿ, ಯಾವ ಸರಕು ತಾಲೂಕಿನ ಮಣ್ಣಿನದು, ಯಾವುದು ಘಟ್ಟದ ಮೇಲಿನದು, ಯಾವುದು ದೂರದ್ದು ಎಂಬುದನ್ನು ಒಂದು ವರ್ಷ ಬರೆದಿಡಬಹುದು. ಹಳ್ಳಿಯ ಹಿರಿಯರು ತಮ್ಮ ಮನೆಯ ಅಡಿಕೆ, ಉಪ್ಪಾಗೆ, ಮುರುಗಲು ಯಾವ ಅಂಗಡಿಗೆ ಹೋಗುತ್ತಿತ್ತೆಂದು ಹೇಳಬಹುದು. ಮುಂದಿನ ಯೋಜನೆಯ ಅಹವಾಲು ಸಭೆ ನಡೆಯುವಾಗ ಆ ಪಟ್ಟಿ ಮೇಜಿನ ಮೇಲಿರಲಿ.