ಲೆಕ್ಕಕ್ಕೆ ಸಿಗದ ಸೋಂಕು



ಈ ಹೊತ್ತು ನಾವು ಒಂದು ಲೆಕ್ಕದ ಬಗ್ಗೆ ಮಾತಾಡೋಣ.

2020ರಲ್ಲಿ ಕೊರೊನಾ ಬಂತು. ದಿನಾ ಟಿ.ವಿ.ಯಲ್ಲಿ ಸೋಂಕಿತರ ಲೆಕ್ಕ ಹೇಳುತ್ತಿದ್ದರು. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಕರ್ನಾಟಕದ ಲೆಕ್ಕ ಸುಮಾರು 4 ಲಕ್ಷ 85 ಸಾವಿರ. ನಿಜವಾಗಿ ಅಷ್ಟೇ ಜನಕ್ಕೆ ಸೋಂಕು ತಗುಲಿತ್ತೇ? ಇಲ್ಲ.

ಅದು ಪರೀಕ್ಷೆಯಲ್ಲಿ ಗೊತ್ತಾದವರ ಲೆಕ್ಕ ಮಾತ್ರ. ಎಷ್ಟೋ ಜನಕ್ಕೆ ಸೋಂಕು ತಗುಲಿದರೂ ಜ್ವರವಿಲ್ಲ, ಕೆಮ್ಮಿಲ್ಲ. ಅವರು ಆಸ್ಪತ್ರೆಗೆ ಯಾಕೆ ಹೋಗ್ತಾರೆ? ಕೆಲವರು ಜ್ವರ ಬಂದರೂ ಸುಮ್ಮನಿದ್ದರು. ನಾಲ್ಕು ಜನ ಏನಂತಾರೋ ಅಂತ ಅಂಜಿಕೆ. ಇವರು ಯಾರೂ ಲೆಕ್ಕಕ್ಕೆ ಸಿಗಲಿಲ್ಲ.

ಹಾಗಾದರೆ ಲೆಕ್ಕ ಹಿಡಿಯೋದು ಹೇಗೆ? ರಾಜ್ಯದಲ್ಲಿ ಸುಮಾರು 7 ಕೋಟಿ ಜನ. ಎಲ್ಲರನ್ನೂ ಪರೀಕ್ಷೆ ಮಾಡಲು ಆಗಲ್ಲ.

ಅನ್ನ ಬೆಂದಿದೆಯೋ ಇಲ್ಲವೋ ಹೇಗೆ ನೋಡ್ತೇವೆ? ನಾಲ್ಕು ಅಗುಳು ಹಿಸುಕಿ ನೋಡ್ತೇವೆ. ಆದರೆ ಮೇಲಿನ ಅಗುಳು ಮಾತ್ರ ನೋಡಿದರೆ ಸಾಲದು. ಸೌಟು ಆಡಿಸಿ ಅಡಿಯಿಂದಲೂ ತೆಗೆಯಬೇಕು.

ಆ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಹೀಗೇ ಮಾಡಿದರು. ಎಲ್ಲ ಜಿಲ್ಲೆಗಳಿಂದ 16 ಸಾವಿರಕ್ಕೂ ಹೆಚ್ಚು ಜನರನ್ನು ಆರಿಸಿದರು. ಬಸುರಿಯರು, ಸಂತೆ ವ್ಯಾಪಾರಿಗಳು, ಬಸ್ ಕಂಡಕ್ಟರುಗಳು, ಮುದುಕರು ಎಲ್ಲರೂ ಇದ್ದರು. ಈಗ ಸೋಂಕು ಇದೆಯೇ ಎಂದು ಮೂಗು, ಗಂಟಲಿನ ದ್ರವ ನೋಡಿದರು. ಹಿಂದೆ ಬಂದುಹೋಗಿದೆಯೇ ಎಂದು ರಕ್ತ ನೋಡಿದರು.

ರಕ್ತ ಹೇಗೆ ಹೇಳುತ್ತದೆ? ರೋಗಾಣುವಿನ ಮೇಲೆ ಹೋರಾಡಲು ದೇಹ ಒಂದು ವಸ್ತುವನ್ನು ತಯಾರಿಸುತ್ತದೆ. ಅದರ ಹೆಸರು ಪ್ರತಿಕಾಯ. ಕಾಯಿಲೆ ಹೋದ ಮೇಲೂ ಅದು ಕೆಲವು ತಿಂಗಳು ರಕ್ತದಲ್ಲಿ ಉಳಿಯುತ್ತದೆ. ಆಗ ಲಸಿಕೆ ಬಂದಿರಲಿಲ್ಲ. ಆದ್ದರಿಂದ ಪ್ರತಿಕಾಯ ಇದ್ದರೆ ಸೋಂಕು ಬಂದಿತ್ತು ಎಂದೇ ಅರ್ಥ.

ಕೊನೆಗೆ ಗೊತ್ತಾಗಿದ್ದೇನು? 100 ಜನರಲ್ಲಿ ಸುಮಾರು 27 ಜನಕ್ಕೆ ಸೋಂಕು ತಗುಲಿತ್ತು. ಇಡೀ ರಾಜ್ಯಕ್ಕೆ ಲೆಕ್ಕ ಹಾಕಿದರೆ 1 ಕೋಟಿ 93 ಲಕ್ಷ! ಪಟ್ಟಿಯಲ್ಲಿ ಒಬ್ಬರಿದ್ದರೆ ಊರಿನಲ್ಲಿ ಸುಮಾರು 40 ಜನ. ಇದು ಅಂದಾಜು. ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಆದರೂ ದಾರಿ ತೋರಿಸುತ್ತದೆ.

ಈ ಲೆಕ್ಕ ನಮಗೆ ಯಾಕೆ ಬೇಕು? ಎಲ್ಲಿ ಎಷ್ಟು ಹಾಸಿಗೆ, ಎಷ್ಟು ಆಮ್ಲಜನಕ ಬೇಕು ಎಂದು ಮೊದಲೇ ತಿಳಿಯಲು ಬೇಕು. ಇನ್ನೊಂದು ಮಾತು. 'ನಮ್ಮೂರಲ್ಲಿ ಯಾರಿಗೂ ಇಲ್ಲ' ಎಂದು ಮೈಮರೆಯಬಾರದು. ಗಟ್ಟಿಮುಟ್ಟಾಗಿರುವ ಮಗನಿಂದಲೇ ಮನೆಯ ಅಜ್ಜಿಗೆ ಸೋಂಕು ತಗುಲಬಹುದು.

ಮುಂದೆ ಇಂಥ ಕಾಯಿಲೆ ಬಂದರೆ ಮುಚ್ಚಿಡೋದು ಬೇಡ. ಕಾಯಿಲೆ ಬಂದವರನ್ನು ಹಳಿಯೋದೂ ಬೇಡ. ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದರೆ ನಿಜ ಹೇಳೋಣ. ನಮ್ಮನ್ನೂ ಲೆಕ್ಕಕ್ಕೆ ಸೇರಿಸೋಣ.