ಹಿತ್ತಿಲಿನ ಪ್ರಾಣಿಗಳ ಗುರುತು



ಕಾಡುಪ್ರಾಣಿಗಳೆಂದೊಡನೆ ನಮ್ಮ ಮನಸ್ಸು ಬಂಡೀಪುರಕ್ಕೋ ಕಾಕನಕೋಟೆಗೋ ಓಡುತ್ತದೆ. ಆನೆ, ಹುಲಿ, ಕಾಟಿ ಇವುಗಳನ್ನು ಕಾಣಬೇಕೆಂದು ಹಣವನ್ನೂ ಹೊತ್ತನ್ನೂ ವೆಚ್ಚಮಾಡಿ ಹೋಗುತ್ತೇವೆ. ಕಾಣದೆ ಹಿಂದಿರುಗಿದರೆ ಮರುಗುತ್ತೇವೆ. ಆದರೆ ಅಂತಹ ಪ್ರಯಾಣಕ್ಕೆಂದು ಹೊಸಲನ್ನು ದಾಟುವಾಗಲೇ ಕಂಬದ ಸಂದಿನಲ್ಲಿ, ಹೂಕುಂಡದ ಅಡಿಯಲ್ಲಿ, ಕರಿಬೇವಿನ ಎಲೆಯ ಮೇಲೆ, ನಮ್ಮ ಅಪ್ಪಣೆಯನ್ನು ಬೇಡದೆ ಬಾಳುತ್ತಿರುವ ಹತ್ತಾರು ಕಾಡುಪ್ರಾಣಿಗಳನ್ನು ದಾಟಿಕೊಂಡು ಹೋಗುತ್ತೇವೆಂಬುದು ನಮಗೆ ಹೊಳೆಯುವುದಿಲ್ಲ. ಈ ನೆರೆಹೊರೆಯವರ ಗುರುತನ್ನು ಹಿಡಿಯುವುದು ಹೇಗೆ, ಹಿಡಿಯದಿದ್ದರೆ ಆಗುವ ಕೇಡೇನು ಎಂಬುದನ್ನು ಕುರಿತು ತಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ನಾನು ಪ್ರಾಣಿಶಾಸ್ತ್ರವನ್ನು ಓದಿದವನಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಕಾವ್ಯವನ್ನು ಪಾಠ ಹೇಳುವವನು. ಆ ದೇಶದ ನೈಟಿಂಗೇಲ್ ಹಕ್ಕಿಯನ್ನೂ ಸ್ಕೈಲಾರ್ಕ್ ಹಕ್ಕಿಯನ್ನೂ ಕುರಿತು ವರ್ಷವರ್ಷವೂ ಗಂಟೆಗಟ್ಟಲೆ ಮಾತನಾಡಿದ್ದೇನೆ. ನನ್ನ ಹಿತ್ತಿಲಿನ ನುಗ್ಗೆಮರದಲ್ಲಿ ದಿನಬೆಳಗಾದರೆ ಕೂಗುವ ಹಕ್ಕಿ ಯಾವುದೆಂದು ವಿದ್ಯಾರ್ಥಿಯೊಬ್ಬನು ಕೇಳಿದ್ದರೆ ಬಾಯಿ ಕಟ್ಟಿಹೋಗುತ್ತಿತ್ತು. ಈ ಅಜ್ಞಾನದಿಂದ ಯಾರಿಗೂ ನಷ್ಟವಿಲ್ಲವೆಂದೇ ಬಹುಕಾಲ ನಂಬಿದ್ದೆ. ನಷ್ಟವುಂಟೆಂಬುದನ್ನು ಒಂದು ಮಳೆಗಾಲದ ರಾತ್ರಿ ಕಲಿತೆ.

ಆ ರಾತ್ರಿ ಬಚ್ಚಲುಮನೆಯಿಂದ ನಮ್ಮ ಮನೆಯವರು ಕೂಗಿದರು. ಹೋಗಿ ನೋಡಿದರೆ ಸೌದೆ ಒಟ್ಟಿದ್ದ ಮೂಲೆಯ ಗೋಡೆಯನ್ನು ಹಿಡಿದು ಒಂದು ಹಾವು ಮೇಲಕ್ಕೆ ಹರಿಯುತ್ತಿತ್ತು. ಒಂದೂವರೆ ಅಡಿಯಿದ್ದೀತು, ಮೈಮೇಲೆ ಬಿಳಿಯ ಅಡ್ಡಪಟ್ಟೆಗಳು. ಕೈದೀಪವನ್ನು ಹಿಡಿದಿದ್ದವನು ನಾನು. ತೀರ್ಪು ಹೇಳಿದವನೂ ನಾನೇ. 'ಕಟ್ಟುಹಾವು' ಎಂದೆ. ನೆರೆಮನೆಯ ಯಜಮಾನರು ದೊಣ್ಣೆಯೊಡನೆ ಬಂದರು. ಎರಡು ಏಟಿಗೆ ಕೆಲಸ ಮುಗಿಯಿತು. ಮಕ್ಕಳಿರುವ ಮನೆ, ದೊಡ್ಡ ಗಂಡಾಂತರದಿಂದ ಪಾರಾದೆವೆಂದು ಎಲ್ಲರೂ ದೇವರಿಗೆ ಕೈಮುಗಿದೆವು.

ಮರುದಿನ ಬೆಳಗ್ಗೆ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಕಲಿಸುವ ಮಿತ್ರರೊಬ್ಬರು ಮನೆಗೆ ಬಂದವರು ಸತ್ತ ಹಾವನ್ನು ಕಡ್ಡಿಯಿಂದ ಹೊರಳಿಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸ್ವಾಮಿ, ಇದು ತೋಳಹಾವು, ವಿಷವಿಲ್ಲ. ನಿಮ್ಮ ಗೋಡೆಯ ಹಲ್ಲಿಗಳನ್ನು ಹುಡುಕಿಕೊಂಡು ಬಂದಿತ್ತು' ಎಂದರು. ನಾನು ಪಟ್ಟೆಗಳನ್ನು ತೋರಿಸಿದೆ. 'ಪಟ್ಟೆಯನ್ನೊಂದನ್ನೇ ನೋಡಿದಿರಿ, ಹಾವನ್ನು ನೋಡಲಿಲ್ಲ' ಎಂದು ಅವರು ನಕ್ಕರು. ಆ ನಗುವಿನಲ್ಲಿ ಕುಚೋದ್ಯವಿರಲಿಲ್ಲ. ಆದರೂ ಅದು ನನಗೆ ಬಹಳ ದಿನ ನೆನಪಿನಲ್ಲುಳಿಯಿತು.

ಅವರು ಅಂದು ಹೇಳಿಕೊಟ್ಟ ಪಾಠ ಚಿಕ್ಕದು. ಪ್ರಾಣಿಯೊಂದು ಕಣ್ಣಿಗೆ ಬಿದ್ದಾಗ ಹೆಸರಿಗಾಗಿ ಆತುರಪಡಬಾರದು. ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಎಲ್ಲಿತ್ತು? ಯಾವ ಹೊತ್ತಿನಲ್ಲಿ? ಏನು ಮಾಡುತ್ತಿತ್ತು? ಆಕಾರ ಹೇಗೆ, ಕಾಲು ರೆಕ್ಕೆಗಳು ಎಷ್ಟು? ಇವೆಲ್ಲ ಆದ ಮೇಲೆ ಐದನೆಯದಾಗಿ ಬಣ್ಣ. ನಾವು ಮಾಡುವುದು ಇದಕ್ಕೆ ತಲೆಕೆಳಗು. ಬಣ್ಣವನ್ನು ಕಂಡೊಡನೆ ಹೆಸರಿಟ್ಟು, ಉಳಿದುದನ್ನು ನೋಡುವ ಶ್ರಮವನ್ನೇ ತೆಗೆದುಕೊಳ್ಳುವುದಿಲ್ಲ. ಪ್ರಕೃತಿಯಾದರೋ ಬಣ್ಣದಲ್ಲಿಯೇ ಅತಿಯಾದ ಕಪಟವನ್ನು ಇಟ್ಟಿದೆ.

ಈ ಮಾತಿನ ನಿಜವನ್ನು ಹಿತ್ತಿಲಿನಲ್ಲಿಯೇ ಪರೀಕ್ಷಿಸಬಹುದು. ಮಾವಿನ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆಯನ್ನು ತಾವೆಲ್ಲ ಬಲ್ಲಿರಿ. ಮಲೆನಾಡಿನವರು ಅದನ್ನು ಚಗಳಿ ಎನ್ನುತ್ತಾರೆ. ಆ ಇರುವೆಗಳ ಸಾಲಿನ ಬಳಿ ಕೊಂಚ ಹೊತ್ತು ಕುಳಿತರೆ, ಅದೇ ಬಣ್ಣದ, ಅದೇ ಅಳತೆಯ, ಅದೇ ನಡುಸಣ್ಣಿನ ಒಂದು ಜೀವಿ ಒಂಟಿಯಾಗಿ ಸುಳಿದಾಡುವುದು ಕಂಡರೂ ಕಂಡೀತು. ಕಾಲುಗಳನ್ನು ಎಣಿಸಿರಿ. ಇರುವೆಗೆ ಆರು, ಇದಕ್ಕೆ ಎಂಟು. ಮುಂದಿನ ಎರಡು ಕಾಲುಗಳನ್ನು ಇರುವೆಯ ಮೀಸೆಗಳಂತೆ ಎತ್ತಿಕೊಂಡು ನಡೆಯುವ ಜೇಡ ಇದು. ಬೆದರಿಸಿದರೆ ಎಲೆಯಿಂದ ನೂಲು ಬಿಟ್ಟು ಕೆಳಕ್ಕೆ ಇಳಿಯುತ್ತದೆ. ಯಾವ ಇರುವೆಯೂ ಹಾಗೆ ಮಾಡಲಾರದು. ಹಾಗೆಯೇ ಹೂವಿನ ಮುಂದೆ ಗಾಳಿಯಲ್ಲಿ ನಿಂತಂತೆ ತೇಲುವ, ಹಳದಿ ಕಪ್ಪು ಪಟ್ಟೆಯ ಹುಳುವನ್ನು ಕಂಡು ಜೇನೆಂದು ಹೆದರುತ್ತೇವೆ. ಜೇನಿಗೆ ರೆಕ್ಕೆಗಳು ನಾಲ್ಕು, ಇದಕ್ಕೆ ಎರಡೇ. ಇದು ನೊಣದ ಜಾತಿ. ಚುಚ್ಚುವ ಮುಳ್ಳೇ ಇಲ್ಲ.

ಕರಿಬೇವು, ನಿಂಬೆಗಿಡಗಳು ಇನ್ನೂ ಸೊಗಸಾದ ಪಾಠಶಾಲೆಗಳು. ಅವುಗಳ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಬಿದ್ದಿರುವುದನ್ನು ಮುಟ್ಟಿ ನೋಡಿದರೆ ಅದು ಚಲಿಸುತ್ತದೆ. ಅದು ಒಂದು ಕಪ್ಪುಚಿಟ್ಟೆಯ ಎಳೆಯ ಕಂಬಳಿಹುಳು. ಬೆಳೆದ ಮೇಲೆ ಹಸಿರು ಬಣ್ಣಕ್ಕೆ ತಿರುಗಿ, ಕೆಣಕಿದರೆ ತಲೆಯ ಹಿಂದಿನಿಂದ ಕೆಂಪಾದ ಕವಲೊಂದನ್ನು ಚಾಚಿ ಘಾಟುವಾಸನೆಯನ್ನು ಬಿಡುತ್ತದೆ. ಈ ಚಿಟ್ಟೆಯ ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇರುತ್ತವೆ. ಬೇರೆ ಕೆಲವು ರೆಕ್ಕೆಯ ಮೇಲೆ ಕೆಂಪುಬೊಟ್ಟುಗಳನ್ನು ತಳೆದು ಇನ್ನೊಂದು ಜಾತಿಯ ಚಿಟ್ಟೆಯ ವೇಷವನ್ನು ಹಾಕುತ್ತವೆ. ಆ ಇನ್ನೊಂದು ಜಾತಿಯಾದರೋ ಈಶ್ವರಿ ಬಳ್ಳಿಯನ್ನು ತಿಂದು ಬೆಳೆದು ಮೈಯಲ್ಲಿ ನಂಜನ್ನು ತುಂಬಿಕೊಂಡಿರುವುದರಿಂದ ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ವೇಷಧಾರಿಯೂ ಆ ಹೆಸರಿನಲ್ಲಿ ಬದುಕಿಕೊಳ್ಳುತ್ತದೆ. ಆದರೆ ವೇಷ ರೆಕ್ಕೆಯಲ್ಲಿ ಮಾತ್ರ. ನಿಜವಾದ ನಂಜಿನ ಚಿಟ್ಟೆಯ ಮೈ ಕೆಂಪು, ವೇಷಧಾರಿಯ ಮೈ ಕಪ್ಪು. ಇಂತಹ ಅನುಕರಣೆಯ ಗುಟ್ಟನ್ನು 1862ರಲ್ಲಿ ಹೆನ್ರಿ ಬೇಟ್ಸ್ ಎಂಬ ವಿದ್ವಾಂಸನು ಅಮೆಜಾನ್ ನದಿಯ ಸೀಮೆಯ ಚಿಟ್ಟೆಗಳನ್ನು ಅಭ್ಯಾಸಮಾಡಿ ವಿವರಿಸಿದನು. ಅದನ್ನು ಕಣ್ಣಾರೆ ಕಾಣಲು ನಾವು ಅಮೆಜಾನಿಗೆ ಹೋಗಬೇಕಾಗಿಲ್ಲ. ಸಾರಿಗೆ ಒಗ್ಗರಣೆಯ ಸೊಪ್ಪನ್ನು ಕೀಳಲು ಹೋದಾಗ ಎರಡು ನಿಮಿಷ ನಿಂತರೆ ಸಾಕು.

ಮನೆಯ ಸುತ್ತಲಿನ ಜೀವಿಗಳನ್ನು ನೋಡುವುದು ದೊಡ್ಡವರಿಗೆ ತಕ್ಕ ಕೆಲಸವಲ್ಲವೆಂದು ಯಾರಿಗಾದರೂ ತೋರಿದರೆ ಇಬ್ಬರನ್ನು ನೆನೆಯಬಹುದು. ಗಿಲ್ಬರ್ಟ್ ವೈಟ್ ಎಂಬ ಇಂಗ್ಲೆಂಡಿನ ಪಾದ್ರಿ ತನ್ನ ಸೆಲ್ಬೋರ್ನ್ ಹಳ್ಳಿಯ ಪ್ರಾಣಿಪಕ್ಷಿಗಳನ್ನು ಕುರಿತ ಗ್ರಂಥವನ್ನು 1789ರಲ್ಲಿ ಪ್ರಕಟಿಸಿದನು. ನೋಟಕ್ಕೆ ಒಂದರಂತೆಯೇ ಇನ್ನೊಂದಿರುವ ಮೂರು ಪುಟ್ಟ ಹಕ್ಕಿಗಳು ಮೂರು ಬೇರೆಬೇರೆ ಜಾತಿಗಳೆಂದು ಕೂಗಿನ ಭೇದವನ್ನು ಹಿಡಿದು ತೋರಿಸಿಕೊಟ್ಟವನು ಅವನು. ಇನ್ನೊಬ್ಬನು ನಮ್ಮ ಕಾರವಾರದ ಕಡೆಯೂ ಉದ್ಯೋಗದಲ್ಲಿದ್ದ ಇ. ಎಚ್. ಐಟ್ಕೆನ್. ಅವನು ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ಬಂಗಲೆಯ ಇಲಿ, ಹಲ್ಲಿ, ಇರುವೆ, ಕಾಗೆಗಳನ್ನು ಕುರಿತೇ ಒಂದು ಸರಸವಾದ ಪುಸ್ತಕವನ್ನು ಬರೆದನು. 1883ರಲ್ಲಿ ಸ್ಥಾಪಿತವಾದ ಮುಂಬಯಿಯ ಪ್ರಕೃತಿವಿಜ್ಞಾನ ಸಂಘದ ಸ್ಥಾಪಕರಲ್ಲಿ ಅವನೂ ಒಬ್ಬ. ಇಬ್ಬರ ಸಾಧನವೂ ಒಂದೇ: ಬಿಡುವಿನ ಹೊತ್ತು, ತಾಳ್ಮೆ, ಕಂಡದ್ದನ್ನು ಕಂಡಂತೆ ಬರೆದಿಡುವ ಒಂದು ಪುಸ್ತಕ.

ಈಗ ಮತ್ತೆ ಹಾವಿನ ಮಾತಿಗೆ ಬರೋಣ; ಏಕೆಂದರೆ ಇರುವೆಯನ್ನು ಜೇಡವೆಂದರೆ ಯಾರೂ ಸಾಯುವುದಿಲ್ಲ, ಹಾವಿನ ವಿಷಯ ಹಾಗಲ್ಲ. ಕಟ್ಟುಹಾವನ್ನು ಕೆಲವು ಕಡೆ ಕಡಂಬಳವೆನ್ನುತ್ತಾರೆ. ಬೆಳೆದ ಹಾವು ಸಾಮಾನ್ಯವಾಗಿ ಮೂರು ಅಡಿ ಉದ್ದ. ಮೈ ನೀಲಿಬೆರೆತ ಹೊಳೆಯುವ ಕಪ್ಪು. ಅದರ ಬಿಳಿಯ ಕಟ್ಟುಗಳು ತೆಳುವಾಗಿ, ಅನೇಕವೇಳೆ ಜೋಡಿಜೋಡಿಯಾಗಿ, ಬಾಲದ ಕಡೆ ಸ್ಪಷ್ಟವಾಗಿರುತ್ತವೆ. ತಲೆಯ ಕಡೆಗೆ ಹೋಗುತ್ತ ಮಸುಕಾಗಿ ಅಳಿಸಿಹೋಗುತ್ತವೆ. ತೋಳಹಾವಿನಲ್ಲಿ ಇದು ತಿರುಗುಮುರುಗು: ಕಂದುಮೈ, ಕೊರಳ ಬಳಿ ಸ್ಪಷ್ಟವಾದ ಪಟ್ಟೆ, ಬಾಲದ ಕಡೆ ಮಸುಕು. ತೋಳಹಾವಿನ ತಲೆ ಚಪ್ಪಟೆ. ಅದು ಗೋಡೆ ಏರುವುದರಲ್ಲಿ ಜಾಣ. ಕಟ್ಟುಹಾವಿನ ತಲೆ ಕೊರಳಿಗಿಂತ ಹೆಚ್ಚು ಅಗಲವಿಲ್ಲದೆ ದುಂಡಗಿರುತ್ತದೆ; ಅದರ ಸಂಚಾರ ಬಹುಮಟ್ಟಿಗೆ ನೆಲದ ಮೇಲೆ, ರಾತ್ರಿಯಲ್ಲಿ. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಪೊರೆಗಳು ಆರು ಮೂಲೆಗಳುಳ್ಳವಾಗಿ ಉಳಿದವುಗಳಿಗಿಂತ ದೊಡ್ಡವಾಗಿರುವುದು ಶಾಸ್ತ್ರಜ್ಞರ ಕೊನೆಯ ಗುರುತು. ಆದರೆ ಜೀವಂತ ಹಾವಿನ ಪೊರೆಗಳನ್ನು ಬಾಗಿ ನೋಡಲು ಹೋಗುವುದು ನಮ್ಮ ಕೆಲಸವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಇನ್ನೂ ಒಂದು ಮಾತು: ಕಟ್ಟುಹಾವಿನ ಮರಿಗಳಲ್ಲಿ ತಲೆಯ ಕಡೆಗೂ ಬಿಳಿಯ ಗುರುತುಗಳಿರಬಹುದು. ಆದುದರಿಂದ ಯಾವ ಒಂದೇ ಲಕ್ಷಣವನ್ನೂ ನಂಬಿ ಕೈಹಾಕತಕ್ಕದ್ದಲ್ಲ.

ಈ ಎಚ್ಚರಿಕೆಯನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಬಚ್ಚಲುಮನೆಯ ಹಾವು ಸತ್ತ ಮೇಲೆ ನಾನು ಪಶ್ಚಾತ್ತಾಪದಿಂದ, ಪಟ್ಟೆಯ ಹಾವೆಲ್ಲ ಕೊಲ್ಲತಕ್ಕದ್ದಲ್ಲವೆಂದು ಮನೆಯಲ್ಲಿ ಪದೇ ಪದೇ ಹೇಳುತ್ತಿದ್ದೆ. ಕೆಲವು ತಿಂಗಳುಗಳ ಮೇಲೆ ಒಂದು ಮಧ್ಯಾಹ್ನ ಹಿತ್ತಿಲಿನ ಹಳೆಯ ಇಟ್ಟಿಗೆಗಳನ್ನು ಸರಿಸುತ್ತಿದ್ದಾಗ ಒಂದು ಹಾವು ಕಂಡಿತು. ಸುರುಳಿ ಸುತ್ತಿ, ತಲೆಯನ್ನು ಸುರುಳಿಯ ಕೆಳಗೆ ಹುದುಗಿಸಿಕೊಂಡು, ಓಡಲೂ ಮನಸ್ಸಿಲ್ಲದಂತೆ ಬಿದ್ದಿತ್ತು. ಹನ್ನೆರಡು ವರ್ಷದ ನನ್ನ ಮಗ, 'ಅಪ್ಪಾ, ಪಾಪದ ಹಾವು, ನೀವೇ ಹೇಳಿದಿರಲ್ಲ, ನಾನೇ ಬೇಲಿಯಾಚೆ ಬಿಟ್ಟುಬರುತ್ತೇನೆ' ಎಂದು ಬಾಲದ ಕಡೆಗೆ ಕೈನೀಡಿದ. ಆ ಬಾಲದ ಮೇಲೆ ಬಿಳಿಯ ಕಟ್ಟುಗಳು ಎಳೆದು ಬರೆದಂತೆ ಸ್ಪಷ್ಟವಾಗಿದ್ದುವು. ನಾನು ಕೂಗಿದ ಕೂಗಿಗೆ ಅವನು ಹೆದರಿ ಹಿಂದಕ್ಕೆ ಬಿದ್ದ. ಹಾವು ಕದಲಲಿಲ್ಲ. ಹಗಲಿನಲ್ಲಿ ಮಂಕಾಗಿ ಬಿದ್ದಿರುವುದೇ ಕಟ್ಟುಹಾವಿನ ಸ್ವಭಾವವೆಂದು, ಮಿತ್ರರು ಕರೆತಂದ ಹಾವು ಹಿಡಿಯಬಲ್ಲವರೊಬ್ಬರು ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತ ತಿಳಿಸಿದರು. ಅಂದು ನನಗೆ ರಾತ್ರಿಯೆಲ್ಲ ನಿದ್ರೆ ಬರಲಿಲ್ಲ. ಮೊದಲನೆಯ ಸಲ ನನ್ನ ಅಜ್ಞಾನ ಒಂದು ಹಾವನ್ನು ಕೊಂದಿತ್ತು. ಎರಡನೆಯ ಸಲ ನಾನು ಹಂಚಿದ ಅರ್ಧಜ್ಞಾನ ನನ್ನ ಮಗನನ್ನೇ ಕೊಲ್ಲುವುದರಲ್ಲಿತ್ತು.

ಆದುದರಿಂದ ಗುರುತಿಸುವ ವಿದ್ಯೆಯ ಮೊದಲ ನಿಯಮ ದೂರದಲ್ಲಿ ನಿಲ್ಲುವುದು. ಸಂದೇಹ ಬಂದರೆ ವಿಷವುಳ್ಳದ್ದೆಂದೇ ಭಾವಿಸಿ ಬಿಟ್ಟುಬಿಡುವುದು. ಕೊಲ್ಲುವುದು ಸಂದೇಹಕ್ಕೆ ಪರಿಹಾರವಲ್ಲ. ಹಾವನ್ನು ಹೊಡೆಯಲು ಹೋದವನೇ ಕಡಿಸಿಕೊಳ್ಳುವುದುಂಟು. ಅದಲ್ಲದೆ 1972ರ ವನ್ಯಜೀವಿ ಸಂರಕ್ಷಣೆಯ ಕಾನೂನೂ ಹಾವುಗಳಿಗೆ ರಕ್ಷಣೆಯನ್ನು ಕೊಟ್ಟಿದೆ. ಕೇರೆಯನ್ನು ನಾಗರವೆಂದು, ಮಣ್ಣುಮುಕ್ಕನನ್ನು ಕೊಳಕುಮಂಡಲವೆಂದು, ನಾಲ್ಕು ಕಾಲುಗಳುಳ್ಳ ಬಡ ಹಾವುರಾಣಿಯನ್ನು ಮಹಾವಿಷದ ಪ್ರಾಣಿಯೆಂದು ಹೊಡೆದುಹಾಕುವ ವಾಡಿಕೆಯಿಂದ ಇಲಿಗಳಿಗೂ ಹುಳುಹುಪ್ಪಟೆಗಳಿಗೂ ಉಪಕಾರವಾಗುತ್ತದೆಯೇ ಹೊರತು ನಮಗಲ್ಲ.

ಇದರಿಂದ ವಿಷದ ಭಯ ಬರಿಯ ಭ್ರಮೆಯೆಂದು ಯಾರೂ ತಿಳಿಯಬಾರದು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಎಂದು ವಿದ್ವಾಂಸರು ಅಂದಾಜುಮಾಡಿದ್ದಾರೆ. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿಯಲ್ಲಿ ಕಡಿಯುವುದು ಹೆಚ್ಚು. ಆ ಕಡಿತದಲ್ಲಿ ನೋವೂ ಬಾವೂ ಇಲ್ಲವೆನ್ನುವಷ್ಟು ಅಲ್ಪ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು, ಉಸಿರು ಕಟ್ಟುವುದು ಕಂಡರೆ ಗಾಯ ಕಾಣದಿದ್ದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗಾಯವನ್ನು ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯುವುದು ಇವು ಬೇಡ. ಕಡಿದ ಅಂಗವನ್ನು ಅಲುಗಾಡಿಸದಿರುವುದೇ ಒಳ್ಳೆಯದು. ಹಾವನ್ನು ಹುಡುಕಿ ಕೊಂದು ತರುವುದೂ ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷ ಒಂದೇ. ವೈದ್ಯರು ರೋಗಿಯ ಲಕ್ಷಣಗಳನ್ನು ನೋಡಿ ಚಿಕಿತ್ಸೆ ಮಾಡುತ್ತಾರೆ. ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗುವುದು, ರಾತ್ರಿ ದೀಪವಿಲ್ಲದೆ ಹಿತ್ತಿಲಿಗೆ ಹೋಗದಿರುವುದು, ಸೌದೆ ಇಟ್ಟಿಗೆಗಳ ರಾಶಿಯನ್ನು ಮನೆಗೆ ಒತ್ತಿಕೊಂಡಂತೆ ಒಟ್ಟದಿರುವುದು ಇವು ನಮ್ಮ ಕೈಯಲ್ಲಿರುವ ರಕ್ಷೆಗಳು.

ನನ್ನ ಮಗನು ಈಗ ಒಂದು ಪುಸ್ತಕವನ್ನು ಇಟ್ಟುಕೊಂಡಿದ್ದಾನೆ. ದಿನಕ್ಕೊಂದು ಪ್ರಾಣಿ, ಎಲ್ಲಿ, ಯಾವಾಗ, ಏನು ಮಾಡುತ್ತಿತ್ತು, ಹೇಗಿತ್ತು ಎಂದು ಬರೆದು, ಹೆಸರಿನ ಜಾಗವನ್ನು ಖಾಲಿ ಬಿಡುತ್ತಾನೆ. ತಿಳಿದವರು ಸಿಕ್ಕಿದಾಗ ಅದನ್ನು ತುಂಬುತ್ತಾನೆ. ಎಷ್ಟೋ ಪುಟಗಳಲ್ಲಿ ಆ ಜಾಗ ಇನ್ನೂ ಖಾಲಿಯಾಗಿದೆ. ಅದನ್ನು ನೋಡಿ ನಾನು ಸಂತೋಷಪಡುತ್ತೇನೆ. ಆ ರಾತ್ರಿ ಬಚ್ಚಲುಮನೆಯಲ್ಲಿ ನಾನೂ ಅದನ್ನು ಹಾಗೆ ಖಾಲಿ ಬಿಟ್ಟಿದ್ದರೆ ಒಂದು ಪ್ರಾಣ ಉಳಿಯುತ್ತಿತ್ತು. ತಮ್ಮ ಮನೆಗಳಲ್ಲಿಯೂ ಅಂತಹ ಪುಸ್ತಕವೊಂದು ಇಂದೇ ಆರಂಭವಾಗಲೆಂದು ಹಾರೈಸಿ ವಿರಮಿಸುತ್ತೇನೆ.