ಹಾರಕ್ಕೂ ಮೊದಲು ಲೆಕ್ಕ
(ಮಂಚಿಕೇರಿಯಲ್ಲಿ ಮಾಡಿದ ಮಾತು)

ನಮ್ಮೂರ ಹೆಣ್ಣುಮಕ್ಕಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಾಲಿಬಾಲ್ ತಂಡ ಸೇರಬೇಕೆಂಬುದು ನನ್ನ ಆಸೆ. ಗೆದ್ದವರಿಗೆ ನಾವು ಹಾರ ಹಾಕುತ್ತೇವೆ. ಮೂರು ಲೆಕ್ಕ ಮಾತ್ರ ಕೇಳುವುದಿಲ್ಲ. ತರಬೇತುದಾರರಿಗೆ ಸಂಬಳವುಂಟೇ? ಬಸ್ಸು, ಊಟ, ಬೂಟಿನ ಖರ್ಚು ಯಾರದು? ಆಟಕ್ಕೆ ಹೋದಾಗ ತಪ್ಪಿದ ಪಾಠ ಹೇಳಿಕೊಡುವವರಾರು? ಪರೀಕ್ಷೆಯಲ್ಲಿ ಹಿಂದೆ ಬಿದ್ದವಳಿಗೆ ಮನೆಯವರು ಮೊದಲು ಆಟ ಬಿಡಿಸುತ್ತಾರೆ, ಆಮೇಲೆ ಓದನ್ನೂ.

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜಪಾನಿನ ವನಿತೆಯರಲ್ಲಿ ಹೆಚ್ಚಿನವರು ಒಂದೇ ಬಟ್ಟೆಗಿರಣಿಯ ನೌಕರರು. ಕಾಯಕ ಬಿಡದೆ ಆಡಿದರು, ಬೆನ್ನಿಗೆ ಗಿರಣಿಯಿತ್ತು. ನಮ್ಮ ಮಕ್ಕಳ ಬೆನ್ನಿಗೆ ಯಾರು?

ಪತಿ ತಂದ ಅಕ್ಕಿ ಹೆಚ್ಚಾಯಿತೆಂದು ಆಯ್ದಕ್ಕಿ ಲಕ್ಕಮ್ಮನವರು ಹಿಂದಿರುಗಿಸಿದರು. ನಮ್ಮ ಸಮಾರಂಭಗಳಲ್ಲಿ ಹೆಚ್ಚಾದದ್ದನ್ನು ಈ ಮಕ್ಕಳ ಬಸ್ಸಿಗೆ, ಪುಸ್ತಕಕ್ಕೆ ಕೊಡೋಣ. ಅದೂ ದಾಸೋಹವೇ.